ಹೊಟ್ಟು ತೂರಿದ ಕೈ

ಬೇಸಗೆಯ ನಡುಹಗಲು. ಅಚ್ಚುಮನೆಯ ಯಂತ್ರಗಳು ಊಟದ ಹೊತ್ತಿಗೆ ನಿಂತಿದ್ದವು. ಸದಾ ಓಡುವ ಯಂತ್ರ ನಿಂತರೆ ಅಲ್ಲಿನ ಮೌನ ಸಾವಿನ ಮನೆಯ ಮೌನಕ್ಕಿಂತ ದಪ್ಪ.

ದಫೇದಾರಮ್ಮ ಪುಟ ಜೋಡಿಸುವ ಕೋಣೆಯೊಳಕ್ಕೆ ಬಂದವಳೇ ಬಾಗಿಲ ಚಿಲಕ ಹಾಕಿದಳು. ಫ್ಯಾನು ಆರಿಸಿದಳು. ಕಂಕುಳಲ್ಲಿದ್ದ ನೀರಿನ ಹೂಜಿಯನ್ನು ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಮುಂದೆ ಕೂತಿದ್ದ, ಆ ಅಚ್ಚುಮನೆಯವರ ಸೊಸೆಯ ಕೈಗೆ ಅದು ಎಟುಕುವಂತಿರಲಿಲ್ಲ. ಆಮೇಲೆ ತಾನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

ಲೋಟ ಒಂದೇ ತಂದಿದ್ದಳು.

"ಫ್ಯಾನ್ ಯಾಕೆ ಆರಿಸಿದ್ರಿ, ದಫೇದಾರಮ್ಮ? ಬೆಂದು ಹೋಗ್ತಿದೆ ಇಲ್ಲಿ."

"ಗರಗರ ಅನ್ನುತ್ತೆ. ನಂದು ಒಂದು ಕಿವಿ ಮೊದಲೇ ಮಂದ. ಸುಳ್ಳು ಕೇಳಿಸಬೇಕಾದ್ರೆ ಗಾಳಿ ಸುಮ್ಮನಿರಬೇಕು."

"ನಾನ್ಯಾಕೆ ಸುಳ್ಳು ಹೇಳ್ಲಿ?"

"ಇನ್ನೂ ಬಾಯೇ ತೆಗೆದಿಲ್ಲವಲ್ಲ. ನೋಡೋಣ."

ಪೊಲೀಸು ಕೆಲಸ ಬಿಟ್ಟು ಕೂದಲು ಪೂರ್ತಿ ನರೆತಿದ್ದರೂ ಆ ಹೆಂಗಸಿಗೆ ದಫೇದಾರಮ್ಮ ಎಂಬ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಅವಳನ್ನು ಈ ಮನೆಗೆ ಕರೆಸಿದ್ದು ಸತ್ತ ಯಜಮಾನರ ಮಗಳು. ಕೆಳಗೆ ಅಚ್ಚುಮನೆ, ಮೇಲೆ ವಾಸದ ಮನೆ. ಲಕ್ವ ಹೊಡೆದು ಮಹಡಿಯ ಕೋಣೆಯಲ್ಲಿ ಮಲಗಿದ್ದ ಯಜಮಾನರು ಗುಟುಕು ನೀರಿಲ್ಲದೆ ಒಣಗಿ ಸತ್ತಿದ್ದಾರೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಪೊಲೀಸರು ಅವರ ಆರೈಕೆಗಿದ್ದ ಆಯಾಳನ್ನು ಹಿಡಿದಿದ್ದರು. ಬರುವ ಸೋಮವಾರದೊಳಗೆ ಬೇರೆ ಹೆಸರು ಸಿಗದಿದ್ದರೆ ಕೊಲೆ ಅವಳ ತಲೆಗೆ.

ಆಯಾ ಮಾತ್ರ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಕೇಳಿದಾಗಲೆಲ್ಲ ನೆಲ ನೋಡುತ್ತಿದ್ದಳು.

ದಫೇದಾರಮ್ಮ ಚೀಲದಿಂದ ಒಂದು ಪುಸ್ತಕ ತೆಗೆದಳು. ಯಜಮಾನರು ಬರೆದಿದ್ದ ಆತ್ಮಕಥೆ. ಸಾವಾದ ಮೇಲೆ ಮಗ ಸಿದ್ಧವಿದ್ದ ಪುಟಗಳನ್ನೇ ಅಚ್ಚು ಹಾಕಿಸಿ ಅದರ ಒಂದೇ ಒಂದು ಪ್ರತಿ ಹೊಲಿಸಿ ಇಟ್ಟುಕೊಂಡಿದ್ದ. ಅಚ್ಚುಮನೆಯ ಬೈಂಡರು ತಾನು ಗುಟ್ಟಾಗಿ ಹೊಲಿದಿಟ್ಟಿದ್ದ ಅದರ ಜೋಡಿಯನ್ನು ಕೈ ಬೆಚ್ಚಗೆ ಮಾಡಿಸಿಕೊಳ್ಳದೆ ಇವಳಿಗೆ ಕೊಟ್ಟಿದ್ದ.

"ಇದು ನಿನ್ನ ಕೈಕೆಲಸ ತಾನೆ?"

"ಪುಟ ಜೋಡಿಸಿದ್ದು ನಾನೇ. ಬರೆದದ್ದು ಮಾವ. ಒಂದೇ ಕೈ, ಎಡಗೈ, ಅದರಲ್ಲೂ ಒಂದೇ ಬೆರಳು. ಅವರ ಕೋಣೇಲೂ ಒಂದು ಕಂಪ್ಯೂಟರ್ ಇತ್ತು. ಅವರು ಅಲ್ಲಿ ಬರೆದಿದ್ದು ಇಲ್ಲಿಗೆ ಬರುತ್ತೆ. ಎರಡಕ್ಕೂ ಗೂಡು ಒಂದೇ, ಫೈಲೆಲ್ಲ ಅದರಲ್ಲೇ."

"ಓದಿದ್ದೀಯಾ?"

"ಹತ್ತು ಅಧ್ಯಾಯ ಓದಿದ್ದೀನಿ. ಇರೋದೇ ಹತ್ತು."

"ಹೌದಾ?" ದಫೇದಾರಮ್ಮ ಲೋಟಕ್ಕೆ ನೀರು ಬಗ್ಗಿಸಿದಳು. ನಿಧಾನವಾಗಿ ಕುಡಿದಳು. ಗಂಟಲು ಗುಟುಗುಟು ಎನ್ನುವುದು ಎದುರಿನವಳಿಗೆ ಕೇಳಿಸಲಿ ಎಂದೇ ಕುಡಿದಂತಿತ್ತು. "ಪರಿವಿಡಿ ಓದು. ಗಟ್ಟಿಯಾಗಿ."

ಸೊಸೆ ಪುಸ್ತಕ ತೆರೆದಳು. ಒಂದೊಂದೇ ಓದುತ್ತಾ ಬಂದು ಕೊನೆಗೆ ತಡವರಿಸಿದಳು.

"ಹನ್ನೊಂದು... ಮಹಡಿಯ ಕೋಣೆ... ಪುಟ ನೂರ ನಲವತ್ತೊಂದು."

"ತೆಗಿ ನೂರ ನಲವತ್ತೊಂದು."

ತೆಗೆದಳು. ಅಲ್ಲಿ ಇದ್ದದ್ದು ಉಪಕಾರ ಸ್ಮರಣೆ. ಕಾಗದದ ಅಂಗಡಿಯವನಿಂದ ಹಿಡಿದು ಮೊದಲ ಯಂತ್ರ ಹೊತ್ತು ತಂದವರವರೆಗೆ ಎಲ್ಲರಿಗೂ ಮುದುಕರು ಕೈಮುಗಿದಿದ್ದರು. ಪರಿವಿಡಿಯಲ್ಲಿ ಅದೇ ಉಪಕಾರ ಸ್ಮರಣೆಗೆ ಏಳೆಂಟು ಪುಟ ಮುಂದಿನ ಅಂಕಿ ಇತ್ತು. ನಡುವೆ ಇರಬೇಕಾದ ಒಂದು ಅಧ್ಯಾಯವೇ ನಾಪತ್ತೆ.

"ಎಲ್ಲಿ ಹೋಯ್ತು ಹನ್ನೊಂದು?"

"ನನಗೆ... ನನಗೆ ಗೊತ್ತಿಲ್ಲ. ಇಂಥದೊಂದು ಇತ್ತು ಅನ್ನೋದೇ ಗೊತ್ತಿಲ್ಲ."

"ಸರಿ. ಗೊತ್ತಿಲ್ಲದವಳಿಗೆ ನಾನು ಹೇಳ್ತೀನಿ ಕೇಳು. ಕೊನೇಲಿ ಪದಸೂಚಿ ಇದೆಯಲ್ಲ, ಯಾವ ಮಾತು ಯಾವ ಪುಟದಲ್ಲಿ ಅಂತ. ಅದನ್ನ ಹಾಕಿದ್ದು ಯಾರು?"

"ಮಾವನೇ. ಪ್ರತಿ ಪುಸ್ತಕಕ್ಕೂ ಬೇಕು ಅಂತಿದ್ರು. ಪದಸೂಚಿ ಇಲ್ಲದ ಪುಸ್ತಕ ಬಾಗಿಲಿಲ್ಲದ ಮನೆ ಅಂತಿದ್ರು. ಬರೀತಾ ಬರೀತಾನೇ ಮಾತುಗಳಿಗೆ ಗುರುತು ಹಾಕೋರು."

"ಒಳ್ಳೇ ಅಭ್ಯಾಸ." ದಫೇದಾರಮ್ಮ ಕನ್ನಡಕ ಏರಿಸಿದಳು. ಅವಳು ಓದುವಾಗ ಬೆರಳು ಅಕ್ಷರದ ಕೆಳಗೇ ಓಡುತ್ತಿತ್ತು. "ಅವಳು. ನೂರ ನಲವತ್ತೊಂದು, ನಲವತ್ತಮೂರು, ನಲವತ್ತನಾಲ್ಕು, ನಲವತ್ತೇಳು."

ಬೆರಳು ಕೆಳಗಿನ ಸಾಲಿಗೆ ಇಳಿಯಿತು.

"ಒದ್ದೆ ಹಾಸಿಗೆ. ನೂರ ನಲವತ್ತೆರಡು. ಕೋಲು, ನೆಲಕ್ಕೆ ಕುಟ್ಟಿದ್ದು. ನೂರ ನಲವತ್ತೈದು. ಜೋಗುಳ. ನೂರ ನಲವತ್ತೇಳು." ಬೆರಳು ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಆಗ ನಿಂತಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು. "ನೀರು, ಕೇಳಿದ್ದು. ನೂರ ನಲವತ್ತಮೂರು. ನೀರು, ಕೊಡದೇ ಇದ್ದದ್ದು. ನೂರ ನಲವತ್ತಮೂರು, ನೂರ ನಲವತ್ತನಾಲ್ಕು, ನೂರ ನಲವತ್ತೈದು."

ಒಂದು ನೊಣ ಹೂಜಿಯ ಬಾಯಿಗೆ ಬಂದು ಕೂತಿತು. ದಫೇದಾರಮ್ಮ ಓಡಿಸಲಿಲ್ಲ.

"ಆ ಪುಟ ತೆಗೆದು ನೋಡಿದೆ. ಅಲ್ಲಿರೋದು ಇದೇ ಪದಸೂಚಿ. ನೀರು ಎಲ್ಲಿದೆ ಅಂತ ಕೇಳಿದ್ರೆ ಪುಸ್ತಕ ತನ್ನನ್ನೇ ತಾನು ತೋರಿಸ್ತಿದೆ. ನನ್ನ ಸರ್ವೀಸಿನಲ್ಲಿ ಹೆಣ ಮಾತಾಡಿದ್ದು ಇದೇ ಮೊದಲು."

ಸೊಸೆಯ ಕಣ್ಣು ನೀರಿನ ಹೂಜಿಯ ಮೇಲೆ ಹೋಯಿತು. ಅವಳ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ನಾಲಿಗೆಯಿಂದ ತುಟಿ ಸವರಿಕೊಂಡಳು.

"ಬಾಯಾರಿಕೆಯಾ?"

"ಸ್ವಲ್ಪ."

"ಅವರಿಗೂ ಸ್ವಲ್ಪವೇ ಆಗಿದ್ದಿರಬೇಕು, ಶುರುವಿನಲ್ಲಿ." ದಫೇದಾರಮ್ಮ ಮತ್ತೊಂದು ಲೋಟ ಬಗ್ಗಿಸಿಕೊಂಡಳು. "ಮುದುಕ ಹಾಸಿಗೆ ಒದ್ದೆ ಮಾಡ್ತಾನೆ. ತೊಳೆಯೋರ್ಯಾರು? ನೀರು ಕೊಟ್ಟರೆ ತಾನೆ ಒದ್ದೆ. ಕೊಡಲೇಬೇಡ. ಬಾಗಿಲಿಗೆ ಬೀಗ ಜಡಿ. ಬೀಗವೂ ಇದೆ ಇಲ್ಲಿ, ಓದ್ಲಾ?"

"ಬೇಡ."

"ಈ ಕೋಣೆಯ ಸೂರಿನ ಮೇಲೇ ಅವರ ಮಂಚ. ಕೋಲಿನಿಂದ ನೆಲಕ್ಕೆ ಕುಟ್ಟಿದ್ದಾರೆ. ನಿನ್ನ ತಲೆ ಮೇಲೆ ಕುಟ್ಟಿದ ಹಾಗೆ. ಕೇಳಿಸಲಿಲ್ವಾ?"

ಸೊಸೆ ತಲೆ ಎತ್ತಿ ಸೂರು ನೋಡಿದಳು. ಅಲ್ಲಿ ಸುಣ್ಣ ಒಂದು ಅಂಗೈಯಗಲ ಉದುರಿ ಬೋಳಾಗಿತ್ತು. ಉದುರಿದ ಚೂರು ಕಂಪ್ಯೂಟರಿನ ಹಿಂದೆ ಇನ್ನೂ ಬಿದ್ದೇ ಇತ್ತು. ಯಾರೂ ಗುಡಿಸಿರಲಿಲ್ಲ.

"ಕೇಳಿಸ್ತು," ಅಂದಳು.

"ಏನು ಮಾಡಿದೆ?"

"ಊಟಕ್ಕೆ ಯಂತ್ರ ನಿಲ್ಲಿಸಬೇಡಿ, ಓಡಿಸ್ತಾನೇ ಇರಿ ಅಂತ ಇವರಿಗೆ ಹೇಳಿಕಳಿಸಿದೆ."

"ಯಾಕೆ?"

"ಯಂತ್ರ ಓಡ್ತಿದ್ರೆ... ಕೇಳಿಸಲ್ಲ."

ದಫೇದಾರಮ್ಮ ಬಹಳ ಜನರ ಬಾಯಿಂದ ಬಹಳ ಮಾತು ಕೇಳಿದ್ದವಳು. ಕೊಂದವರೂ ಹೇಳುವಾಗ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಇವಳು ಅದನ್ನೂ ಮಾಡಲಿಲ್ಲ. ಅಂಗಡಿಯ ಲೆಕ್ಕ ಹೇಳಿದ ಹಾಗೆ ಹೇಳಿದಳು, ಹೇಳಿ ಮುಗಿಸಿದ ಮೇಲೆ ಅಳು ಬಂತು.

"ಅವರಿಗೆ ಬುದ್ಧಿ ನೆಟ್ಟಗಿಲ್ಲ, ಸುಮ್ಸುಮ್ನೆ ಕುಟ್ತಾರೆ, ಓಡಿಹೋಗಿ ಮುದ್ದು ಮಾಡಿದ್ರೆ ಹಟ ಜಾಸ್ತಿಯಾಗುತ್ತೆ ಅಂದ್ಲು ಗಿಣಿ. ನಾನು ನಂಬಿದೆ. ಕೈತುಂಬ ಕೆಲಸ ಇತ್ತು. ನಂಬೋಕೆ ಸುಲಭವಾಗಿತ್ತು."

ಗಿಣಿ ಎಂದರೆ ಆ ಮನೆಯ ಮಗಳು, ಇವಳ ನಾದಿನಿ. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದಳು. ಅಪ್ಪ ಇಟ್ಟ ಮುದ್ದಿನ ಹೆಸರು, ನಡು ವಯಸ್ಸಾದರೂ ಹೋಗಿರಲಿಲ್ಲ.

"ತಪ್ಪೆಲ್ಲ ನಾದಿನಿಯ ಸೆರಗಿಗೆ ಕಟ್ಟು," ದಫೇದಾರಮ್ಮ ನಕ್ಕಳು. "ನನ್ನನ್ನು ಈ ಮನೆಗೆ ಕರೆಸಿದವಳೇ ಅವಳು. ಅಪ್ಪನ ಕಾಲಿನ ಹತ್ತಿರ ಕೂತು ಅವಳು ಅತ್ತದ್ದನ್ನ ಊರು ನೋಡಿದೆ."

"ಯಾರ ಮೇಲೆ ಅನುಮಾನ ಅಂತ ಹೇಳಿ ಕರೆಸಿದ್ಲು?"

"ನಿನ್ನ ಮೇಲೆ."

"ಹಾಗಾದ್ರೆ ನೀವು ಬಂದ ಕೆಲಸ ಚೆನ್ನಾಗಿಯೇ ಮಾಡ್ತಿದ್ದೀರಿ."

ಮಾತು ತಾಗಿತು. ತಾಗಿದ್ದನ್ನು ದಫೇದಾರಮ್ಮ ಮುಖದಲ್ಲಿ ತೋರಿಸಲಿಲ್ಲ. ಲೋಟದ ತಳದಲ್ಲಿ ಉಳಿದಿದ್ದ ನೀರನ್ನು ನೆಲಕ್ಕೆ ಚೆಲ್ಲಿದಳು. ಕಾದ ನೆಲ ಅದನ್ನು ಹೀರುವುದನ್ನು ಸೊಸೆ ನೋಡುತ್ತಲೇ ಇದ್ದಳು.

"ಕೇಳಮ್ಮಾ. ನಿನ್ನ ಗಂಡನಿಗೆ ಮಸಿ ಗೊತ್ತು, ಕಾಗದ ಗೊತ್ತು, ಈ ಡಬ್ಬಿ ಗೊತ್ತಿಲ್ಲ. ಆಯಾಗೆ ಓದೋಕೇ ಬರಲ್ಲ. ಈ ಕುರ್ಚಿಯಲ್ಲಿ ಕೂತು ಒಂದು ಅಧ್ಯಾಯವನ್ನ ಕತ್ತರಿಸೋ ಕೈ ಈ ಮನೇಲಿ ನಿಂದೊಂದೇ. ಹೆಣ ಇನ್ನೂ ಮೇಲಿರುವಾಗಲೇ ಕೆಳಗೆ ಬಂದು ಕತ್ತರಿಸಿದ್ದೀಯ. ಆದರೆ ಅವಸರ ನೋಡು, ಪರಿವಿಡಿಯನ್ನೂ ಪದಸೂಚಿಯನ್ನೂ ಕತ್ತರಿಸೋದು ಮರೆತೆ."

ಸೊಸೆ ಅಳು ನಿಲ್ಲಿಸಿದಳು. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಪರಿವಿಡಿ ನೋಡಿದಳು, ಉಪಕಾರ ಸ್ಮರಣೆಯ ಪುಟ ನೋಡಿದಳು, ಮತ್ತೆ ಪರಿವಿಡಿ ನೋಡಿದಳು. ಅವಳ ಬೆನ್ನು ನೆಟ್ಟಗಾಯಿತು.

"ದಫೇದಾರಮ್ಮ, ನೀವು ನನ್ನನ್ನ ಕೊಲೆಗಾತಿ ಅನ್ನಿ. ಕಿವಿ ಮುಚ್ಚಿಕೊಂಡವಳು ನಾನು, ಅನ್ನಿಸಿಕೊಳ್ಳೋ ಯೋಗ್ಯತೆ ನನಗಿದೆ. ಕೆಲಸ ಬಾರದವಳು ಅನ್ನಬೇಡಿ."

"ಅಂದ್ರೆ?"

"ಪರಿವಿಡಿಯನ್ನ ಯಾರೂ ಕೈಯಿಂದ ಬರೆಯಲ್ಲ. ಇದು ತಾನೇ ಬರಕೊಳ್ಳುತ್ತೆ." ಅವಳು ಕಂಪ್ಯೂಟರಿನ ತಲೆ ಮುಟ್ಟಿದಳು. "ನಾವು ಪಾಠ ಅಂದ್ರೆ ಬರಹ ಟೈಪ್ ಮಾಡಿ, ಪುಟ ಮಾಡು ಅಂತ ಇದನ್ನ ಓಡಿಸ್ತೀವಿ. ಓಡುವಾಗ ಅದು ಪುಟ ಜೋಡಿಸ್ತಾ ಹೋಗುತ್ತೆ. ಜೊತೆಗೆ ಪಕ್ಕದಲ್ಲಿ ಚೀಟಿ ಬರೆದಿಟ್ಟುಕೊಳ್ಳುತ್ತೆ, ಈ ಅಧ್ಯಾಯ ಈ ಪುಟಕ್ಕೆ ಬಂತು, ಆ ಮಾತು ಆ ಪುಟಕ್ಕೆ ಬಂತು ಅಂತ. ಪರಿವಿಡಿ ಬರೋದು ಪುಸ್ತಕದ ಮೊದಲಲ್ಲಿ. ಅಷ್ಟು ಹೊತ್ತಿಗೆ ಅದಕ್ಕೆ ಮುಂದಿನ ಪುಟಗಳೇನು ಗೊತ್ತು? ಹಾಗಾಗಿ ಹಿಂದಿನ ಓಟದ ಚೀಟಿ ನೋಡಿ ಬರೆದುಬಿಡುತ್ತೆ. ಪದಸೂಚಿಯೂ ಹಾಗೇ, ಬೇರೆ ಓಡಿಸಿ ಹೊಸದು ಮಾಡೋವರೆಗೆ ಹಿಂದಿನ ಓಟದ್ದೇ ಬರುತ್ತೆ."

"ಹಿಂದಿನ ಓಟದ್ದು."

"ಹೂಂ. ಅದಕ್ಕೇ ಒಂದು ಸಲ ಓಡಿಸಿದ್ರೆ ಸಾಲದು. ಎರಡು, ಪದಸೂಚಿ ಇದ್ರೆ ಅದಕ್ಕೊಂದು ಬೇರೆ, ಆಮೇಲೆ ಇನ್ನೊಂದು. ಎಲ್ಲ ತಣ್ಣಗೆ ಕೂರೋವರೆಗೆ. ಇದನ್ನ ನನಗೆ ಕಲಿಸಿದ್ದೇ ಮಾವ. ಮದುವೆಯಾಗಿ ಬಂದ ಹೊಸದರಲ್ಲಿ ಒಂದೇ ಸಲ ಓಡಿಸಿ ಕೊಟ್ಟಿದ್ದಕ್ಕೆ ಊಟದ ಎಲೆಯಿಂದ ಎಬ್ಬಿಸಿದ್ರು."

"ತೋರಿಸು."

"ನೀರು ಕೊಡಿ."

"ತೋರಿಸು. ಆಮೇಲೆ ನೀರು."

ಸೊಸೆ ಅಂದು ಬೆಳಿಗ್ಗೆಯಷ್ಟೇ ಓಡಿಸಿದ್ದ ಒಂದು ಚಿಕ್ಕ ಪುಸ್ತಕದ ಗೂಡು ತೆಗೆದಳು. ಕುಂಡದ ಗಿಡ ಬೆಳೆಸುವವರಿಗೆ ಮಾಡಿದ ಕೈಪಿಡಿ. ಮಣ್ಣು, ಗೊಬ್ಬರ, ನೀರು, ಕೀಟ ಎಂದು ಅಧ್ಯಾಯಗಳು. ಅವಳು ಬೇಕೆಂದೇ ನೀರಿನ ಅಧ್ಯಾಯ ಕತ್ತರಿಸಿದಳು. ಒಂದು ಸಲ ಓಡಿಸಿದಳು.

ತೆರೆಯ ಮೇಲೆ ಪುಟಗಳು ಬಂದವು. ಪರಿವಿಡಿಯಲ್ಲಿ ನೀರು ಇತ್ತು. ಪುಸ್ತಕದಲ್ಲಿ ಇರಲಿಲ್ಲ.

ಎರಡನೇ ಸಲ ಓಡಿಸಿದಳು. ಪರಿವಿಡಿಯಿಂದಲೂ ನೀರು ಹೋಯಿತು. ಯಾವತ್ತೂ ಇರಲೇ ಇಲ್ಲವೆಂಬಂತೆ ಗೊಬ್ಬರದ ಬೆನ್ನಿಗೆ ಕೀಟ ಬಂದು ಕೂತಿತು.

ದಫೇದಾರಮ್ಮ ಹೂಜಿಯನ್ನು ಅವಳ ಕಡೆಗೆ ತಳ್ಳಿದಳು. ಲೋಟಕ್ಕೆ ಕಾಯದೆ ಸೊಸೆ ಹೂಜಿಯನ್ನೇ ಎತ್ತಿಕೊಂಡು ಕುಡಿದಳು. ಗದ್ದ, ಕತ್ತು, ಕುಪ್ಪಸ ಎಲ್ಲ ಒದ್ದೆಯಾಯಿತು.

"ಅಂದ್ರೆ ಕತ್ತರಿಸಿದವರು ಒಂದೇ ಸಲ ಓಡಿಸಿದ್ದಾರೆ," ದಫೇದಾರಮ್ಮ ನಿಧಾನವಾಗಿ ಹೇಳಿದಳು. ಅವಳ ತಲೆ ಯಾವಾಗಲೂ ಎತ್ತಿನ ಗಾಡಿಯಂತೆ. ತಡ, ಆದರೆ ಗಾಲಿ ಹೂಳುವುದಿಲ್ಲ. "ಸರಿ. ಆ ಚೀಟಿಗಳೆಲ್ಲಿ ಈಗ? ಅದರಲ್ಲಿ ಇನ್ನೇನಾದ್ರೂ ಇದ್ದೀತು."

"ಇಲ್ಲ. ಗೂಡಲ್ಲಿ ಪಾಠ ಇದೆ, ಕೊನೆಯ ಪುಟಗಳಿವೆ, ನಡುವಿನದು ಒಂದೂ ಇಲ್ಲ. ತೂರಿದ್ದಾರೆ."

"ತೂರೋದು ಅಂದ್ರೆ?"

"ನಮ್ಮ ಮನೆ ಪದ್ಧತಿ. ಸೀಸದ ಅಕ್ಷರ ಇದ್ದ ಕಾಲದಲ್ಲಿ ಸಂಜೆಗೆ ಒಂದೊಂದು ಅಕ್ಷರವನ್ನೂ ಅದರದರ ಮನೆಗೆ ಹಾಕಿ ಮೇಜು ಒರೆಸಿಯೇ ದೀಪ ಆರಿಸಬೇಕಿತ್ತಂತೆ. ಕಂಪ್ಯೂಟರ್ ಬಂದಮೇಲೂ ಮಾವ ಅದನ್ನ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಗೂಡಲ್ಲಿ ಕಾಳು ಇರಬೇಕು, ಹೊಟ್ಟು ಇರಬಾರದು ಅಂತಿದ್ರು. ಸಂಜೆ ಎಲ್ಲ ಚೀಟಿಗಳನ್ನೂ ಅಳಿಸಿಬಿಡ್ತೀವಿ. ಅದಕ್ಕೆ ಹೊಟ್ಟು ತೂರೋದು ಅಂತೀವಿ. ಬೇರೆ ಯಾವ ಅಚ್ಚುಮನೇಲೂ ಹೀಗೆ ದಿನಾ ಮಾಡಲ್ಲ."

ದಫೇದಾರಮ್ಮ ಹಿಂದಕ್ಕೆ ಒರಗಿದಳು. ಕುರ್ಚಿ ಕಿರ್ ಎಂದಿತು.

"ನಿಲ್ಲು. ನಿಮ್ಮ ಮಾವ ಆ ಅಧ್ಯಾಯ ಬರೆದು ಮೇಲಿನಿಂದಲೇ ಓಡಿಸಿದ್ರು. ಅವರೇ ಹೊಟ್ಟು ತೂರಿಬಿಟ್ಟಿದ್ದಿದ್ರೆ?"

ಸೊಸೆ ಯೋಚಿಸಿದಳು. "ಹಳೇ ಚೀಟಿ ಇರ್ತಿರಲಿಲ್ಲ. ಕತ್ತರಿಸಿದವರು ಒಂದು ಸಲ ಓಡಿಸಿದ್ರೆ ಪರಿವಿಡಿ ಬರೀ ಬಿಳೀ ಹಾಳೆ ಬರ್ತಿತ್ತು. ಪದಸೂಚಿಯೂ ಇಲ್ಲ. ಏನೂ ಗೊತ್ತಾಗ್ತಿರಲಿಲ್ಲ."

"ತೂರದೆ ಬಿಟ್ಟದ್ದುಂಟಾ ಅವರು, ಯಾವತ್ತಾದ್ರೂ?"

"ಜೀವಮಾನದಲ್ಲೇ ಇಲ್ಲ. ಜ್ವರದಲ್ಲೂ ತೂರಿ ಮಲಗೋರು."

ಇಬ್ಬರೂ ಒಟ್ಟಿಗೆ ಸೂರು ನೋಡಿದರು. ನಾಲಿಗೆ ಅಂಗುಳಿಗೆ ಅಂಟಿಕೊಂಡಿದ್ದ ಮುದುಕ, ಒಂದು ಬೆರಳಲ್ಲಿ ಅಧ್ಯಾಯ ಬರೆದು, ನೀರು ಎಂಬ ಮಾತಿಗೆ ಮರೆಯದೆ ಗುರುತು ಹಾಕಿ, ಎಲ್ಲ ಓಟ ಮುಗಿಸಿ, ಹೊಟ್ಟನ್ನು ಹಾಗೇ ಬಿಟ್ಟಿದ್ದ. ಕೈ ಸೋತು ಬಿಟ್ಟನೋ, ಕತ್ತರಿಸಲು ಬರುವ ಕೈ ಯಾರದೆಂದು ಗೊತ್ತಿದ್ದೇ ಬಿಟ್ಟನೋ, ಹೇಳುವವರು ಈಗ ಇರಲಿಲ್ಲ.

"ಈಗ ಹೇಳು," ದಫೇದಾರಮ್ಮನ ದನಿ ಇಳಿದಿತ್ತು. "ಹೊಟ್ಟು ತೂರೋದು ಗೊತ್ತು, ಎರಡನೇ ಓಟ ಗೊತ್ತಿಲ್ಲ. ಕೊನೆ ಗೊತ್ತು, ನಡು ಗೊತ್ತಿಲ್ಲ. ಅಂಥವರು ಯಾರು?"

ಸೊಸೆಯ ಕೈಯಲ್ಲಿದ್ದ ಹೂಜಿ ಮೇಜಿಗೆ ತಾಗಿ ಟಣ್ ಎಂದಿತು.

"ಸಂಜೆ ಬಾಗಿಲು ಹಾಕೋಕೆ ಗಿಣಿ ಬರ್ತಾಳೆ. ನನಗೆ ಸುಸ್ತಾದ ದಿನ, ನೀನೇ ತೂರಿಬಿಡೇ ಅಂತ ಬಿಟ್ಟು ಮೇಲೆ ಹೋಗ್ತಿದ್ದೆ. ನಾನೇ ಕಲಿಸಿದ್ದು."

"ಓಡಿಸೋದು?"

"ಅದನ್ನೂ ಕಲಿಸಿದ್ದೆ. ಆದ್ರೆ ಬರೀ ಕರೆಯೋಲೆ, ಅಂಗಡಿ ಚೀಟಿ, ಒಂದೇ ಹಾಳೆಯವು. ಅದಕ್ಕೆ ಪರಿವಿಡಿ ಎಲ್ಲಿಂದ ಬರಬೇಕು? ಒಂದೇ ಓಟ ಸಾಕು." ಅವಳ ಬಾಯಿ ಮತ್ತೆ ಒಣಗಿತು. "ಪುಸ್ತಕಕ್ಕೆ ಸಾಲದು ಅಂತ ಅವಳಿಗೆ ನಾನು ಹೇಳಿಯೇ ಇಲ್ಲ. ಹೇಳೋ ಸಂದರ್ಭವೇ ಬರಲಿಲ್ಲ."

"ಸಾಲದು," ಎಂದಳು ದಫೇದಾರಮ್ಮ. "ಕೋರ್ಟಿನಲ್ಲಿ ಇದು ಸಾಲದು. ನೀನೇ ಬೇಕೆಂದು ಒಂದು ಓಟಕ್ಕೆ ನಿಲ್ಲಿಸಿ ಅವಳ ಮೇಲೆ ಹೊರಿಸ್ತಿದ್ದೀಯ ಅಂತಾರೆ. ನಾನೂ ಅಂದೇನು."

"ಅನ್ನಿ. ಆದ್ರೆ ಅದನ್ನ ಓದಿ. ನೀವು ನಿಲ್ಲದೆ ಮುಂದೆ ಹೋದದ್ದನ್ನ."

"ಯಾವುದು?"

"ಜೋಗುಳ."

ದಫೇದಾರಮ್ಮ ಬೆರಳಿಟ್ಟು ಹುಡುಕಿದಳು. ಜೋಗುಳ, ನೂರ ನಲವತ್ತೇಳು. ಬೆರಳು ಮೇಲಕ್ಕೆ ಏರಿತು. ಅವಳು, ನೂರ ನಲವತ್ತೇಳು. ಎರಡೂ ಒಂದೇ ಪುಟ.

"ನನ್ನ ಅತ್ತೆ ಹೆರಿಗೆಯಲ್ಲೇ ಹೋದ್ರಂತೆ," ಸೊಸೆ ಹೇಳಿದಳು. "ಗಿಣಿ ಹುಟ್ಟಿದಾಗ. ಮಗೂನ ಮಾವನೇ ಸಾಕಿದ್ರು. ಯಂತ್ರ ಓಡೋವಾಗ ಇದೇ ಕೋಣೇಲಿ ತೊಟ್ಟಿಲು ಕಟ್ಟಿ, ಮಸಿ ಮೆತ್ತಿದ ಕೈಯಲ್ಲಿ ತೂಗ್ತಾ ಹಾಡೋರಂತೆ. ಇವರು ಹೇಳಿ ಹೇಳಿ ನಗ್ತಾರೆ, ಅಪ್ಪನ ಜೋಗುಳಕ್ಕಿಂತ ಯಂತ್ರದ ಸದ್ದೇ ಇಂಪಾಗಿತ್ತು ಅಂತ. ನನಗೆ ಯಾರು ಜೋಗುಳ ಹಾಡಿದ್ದಾರೆ, ದಫೇದಾರಮ್ಮ? ಆಯಾಗೆ ಯಾರು ಹಾಡಿದ್ದಾರೆ?"

ಸಾಯುವ ಮುದುಕನಿಗೆ ಮಗಳ ಹೆಸರು ಬರೆಯಲು ಬೆರಳು ಬಂದಿರಲಿಲ್ಲ. ಅವಳು ಎಂದು ಬರೆದು ಬಿಟ್ಟಿದ್ದ. ಪದಸೂಚಿಯಲ್ಲಿ ಮಾತ್ರ ಅಭ್ಯಾಸಬಲ ಮರೆಮಾಚಲು ಬಿಟ್ಟಿರಲಿಲ್ಲ.

ದಫೇದಾರಮ್ಮ ಎದ್ದಳು. ಎದ್ದವಳು ಹಾಗೇ ನಿಂತುಬಿಟ್ಟಳು.

"ಏನಾಯ್ತು?" ಸೊಸೆ ಕೇಳಿದಳು.

"ಬೀಗದ ಕೈ ಯಾರ ಹತ್ತಿರ ಇರ್ತಿತ್ತು ಅಂತ ಗೊತ್ತಿರೋದು ಆಯಾ ಒಬ್ಬಳಿಗೆ."

"ಅವಳು ಠಾಣೆಯಲ್ಲಿದ್ದಾಳಲ್ಲ. ಈಗಲಾದ್ರೂ ಬಾಯಿ ಬಿಡಿಸಿ."

"ಠಾಣೆಯಲ್ಲಿಲ್ಲ." ದಫೇದಾರಮ್ಮ ಚಿಲಕಕ್ಕೆ ಕೈ ಹಾಕಿದಳು. ಚಿಲಕ ಸಿಕ್ಕಿಕೊಂಡಿತು. "ಬೆಳಿಗ್ಗೆ ನಾನೇ ಬಿಡಿಸಿಕೊಂಡು ಬಂದೆ. ಹಳೇ ಪರಿಚಯ ಅಂತ ಸಾಹೇಬರ ಮುಂದೆ ಹಲ್ಲು ಗಿಂಜಿ, ಸೋಮವಾರದವರೆಗೆ ಮನೆಯವರೊಬ್ಬರ ಕೈಗೆ ಒಪ್ಪಿಸ್ತೀನಿ ಅಂದೆ. ಜಾಮೀನಿಗೆ ರುಜು ಹಾಕಿದವಳು ಗಿಣಿ. ಪಾಪ, ಅವಳು ಬೀದಿಪಾಲಾಗಬಾರದು ಅಂತ ನನ್ನ ಕೈ ಹಿಡಿದು ಅತ್ತಳು. ನಾನು ಅವಳ ಬೆನ್ನು ಸವರಿದೆ."

ಸೊಸೆ ಎದ್ದು ಬಂದು ಸಿಕ್ಕಿಕೊಂಡಿದ್ದ ಚಿಲಕವನ್ನು ತಾನೇ ತೆಗೆದಳು.

ಅಂಗಳದಲ್ಲಿ ಬಿಸಿಲು ಹೆಂಚು ಕಾದಂತೆ ಕಾದಿತ್ತು. ಗೇಟಿನ ಪಕ್ಕದ ನೆರಳಲ್ಲಿ ಬೈಂಡರು ಕಾಲು ಚಾಚಿ ಕೂತು ಊಟದ ಡಬ್ಬಿ ತೊಳೆಯುತ್ತಿದ್ದ. ಅವನ ಬೆರಳುಗಳ ಅಂಟು ಸಾಯುವವರೆಗೂ ಹೋಗುವಂಥದಲ್ಲ.

"ಏನ್ರೀ ದಫೇದಾರಮ್ಮ, ಬಾಲಕ್ಕೆ ಬೆಂಕಿ ಬಿದ್ದವರ ಹಾಗೆ ಓಡ್ತಿದ್ದೀರಿ? ಆಮೆಗೂ ಓಟ ಬಂತಾ?"

"ಗಿಣಿ ಎಲ್ಲಿ?"

"ಈಗ ತಾನೆ ಕಾರಿನಲ್ಲಿ ಹೋದ್ರಲ್ಲ. ಆಯಾನೂ ಕರಕೊಂಡು. ಇಲ್ಲಿ ಜನರ ಬಾಯಿ ಕೆಟ್ಟದು, ನಾಲ್ಕು ದಿನ ದೂರದಲ್ಲಿ ಎಲ್ಲಾದ್ರೂ ಇಟ್ಟಿರ್ತೀನಿ ಅಂದ್ರು."

"ಎಲ್ಲಿಗೆ?"

"ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ದೊಡ್ಡವರ ದಾರಿ ಕೇಳೋಕೆ ನಾನ್ಯಾರು?" ಅವನು ಡಬ್ಬಿಯ ನೀರು ಚೆಲ್ಲಿ ಕೈಯೊರೆಸಿಕೊಂಡ. "ಪಾಪ ಆ ಹೆಂಗಸು, ಹತ್ತೋದಕ್ಕೆ ಹಿಂದೆಮುಂದೆ ನೋಡ್ತಿತ್ತು. ನನ್ನ ಬಾಟಲಿ ಬಿಟ್ಟು ಬಂದೆ, ತಗೋಬೇಕು ಅಂತಿತ್ತು. ಗಿಣಿಯಮ್ಮ ರಟ್ಟೆ ಹಿಡಿದು ಕೂರಿಸ್ಕೊಂಡ್ರು. ಬಾ, ದಾರೀಲಿ ನಾನೇ ಕುಡಿಸ್ತೀನಿ ಅಂದ್ರು. ಎಷ್ಟು ಒಳ್ಳೇ ಮನಸ್ಸು ನೋಡಿ."

ದಫೇದಾರಮ್ಮ ಅವನು ತೋರಿಸಿದ ಕಡೆ ನೋಡಿದಳು. ಮಹಡಿ ಮೆಟ್ಟಿಲ ಕೆಳಗಿನ ಕಟ್ಟೆಯ ಮೇಲೆ ಆಯಾಳ ನೀರಿನ ಬಾಟಲಿ ಇತ್ತು. ಠಾಣೆಯಿಂದ ಹೊರಡುವಾಗ ದಫೇದಾರಮ್ಮನೇ ನಲ್ಲಿ ಹಿಡಿದು ತುಂಬಿಸಿ ಕೊಟ್ಟದ್ದು. ಮುಚ್ಚಳದವರೆಗೂ ತುಂಬಿತ್ತು. ಒಂದು ಗುಟುಕೂ ಇಳಿದಿರಲಿಲ್ಲ.

ಹಿಂದಿನಿಂದ ಸೊಸೆ ಬಂದು ನಿಂತಳು. ಅವಳ ಗದ್ದದ ಒದ್ದೆ ಇನ್ನೂ ಆರಿರಲಿಲ್ಲ. ಊಟದ ಹೊತ್ತು ಮುಗಿದು ಒಳಗೆ ಯಂತ್ರಗಳು ಒಂದೊಂದಾಗಿ ಓಡತೊಡಗಿದವು. ಆ ಸದ್ದಿನಲ್ಲಿ ದಫೇದಾರಮ್ಮ ಕೂಗಿದ್ದು ಗೇಟಿನಾಚೆಗೆ ಯಾರಿಗೂ ಕೇಳಿಸಲಿಲ್ಲ.

ಗಿಣಿ ಮನೆ ಬಿಟ್ಟು ಹೊರಟದ್ದು, ಆಯಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಆ ಗುರುವಾರ. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.